ಕಣ್ಣಿಗೆ ಕಾಣದ ಟ್ಯಾಬ್

ಹೋದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮಗನ ಕೋಣೆಗೆ ಹೋದರೆ, ಅವನು ಲ್ಯಾಪ್‌ಟಾಪ್ ಮುಂದೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದ. ಪರದೆಯ ಮೇಲೆ "ಮಿಸ್ಸಿಂಗ್ ಸೆಪರೇಟರ್" ಅಂತ ಒಂದು ತಕರಾರು. ಏನೋ ಅದು ಅಂದೆ. "ಮೇಕ್‌ಫೈಲ್ ಅಪ್ಪಾ, ನಿಮಗೆ ಗೊತ್ತಾಗಲ್ಲ ಬಿಡಿ" ಅಂದ. ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನಿಗೆ ಹೀಗೆ ಹೇಳಿದರೆ ಛಲ ಹುಟ್ಟದೆ ಇರುತ್ತದೆಯೇ? ಆ ಮಧ್ಯಾಹ್ನದ ನಿದ್ದೆ ಬಿಟ್ಟು ಓದಿದೆ. ಓದುತ್ತಾ ಹೋದಂತೆ, ಅರೆ, ಇದು ನಮ್ಮ ಲೆಡ್ಜರ್ ಕಥೆಯೇ ಅನ್ನಿಸಿತು.

ಮೊದಲು ಒಂದೆರಡು ಮಾತು. ಪ್ರೋಗ್ರಾಮನ್ನು ಒಂದೇ ಫೈಲಿನಲ್ಲಿ ಬರೆಯುವುದಿಲ್ಲ, ಹಲವು ಫೈಲುಗಳಲ್ಲಿ ಬರೆಯುತ್ತಾರೆ. ಪ್ರತಿಯೊಂದನ್ನೂ ಕಂಪೈಲ್ ಮಾಡಿದಾಗ ಆಬ್ಜೆಕ್ಟ್ ಫೈಲ್ ಎಂಬ ಅರೆಬೆಂದ ಸರಕು ಸಿಗುತ್ತದೆ. ಇವನ್ನೆಲ್ಲ ಜೋಡಿಸಿದರೆ ಓಡಿಸಬಹುದಾದ ಪ್ರೋಗ್ರಾಮ್, ಅಂದರೆ ಎಕ್ಸಿಕ್ಯೂಟಬಲ್ ತಯಾರು. ಯುನಿಕ್ಸ್‌ನಲ್ಲಿ ಅದಕ್ಕೆ ನೀವಾಗಿ ಹೆಸರು ಕೊಡದಿದ್ದರೆ "ಎ.ಔಟ್" ಎಂಬ ಹೆಸರು ತಾನಾಗಿ ಬೀಳುತ್ತದೆ. ಅಸೆಂಬ್ಲರ್ ಔಟ್‌ಪುಟ್ ಎಂಬುದರ ಮೊಟಕು ರೂಪ ಅದು. ಬೆಲ್ ಲ್ಯಾಬ್ಸ್‌ನ ಪಿಡಿಪಿ-7 ಯಂತ್ರದಲ್ಲಿ ಯುನಿಕ್ಸ್ ಕಣ್ಣುಬಿಟ್ಟ ಕಾಲದಲ್ಲಿ ಜೋಡಿಸುವ ಸಾಧನವೇ ಇರಲಿಲ್ಲ, ಅಸೆಂಬ್ಲರ್ ಕೊಟ್ಟದ್ದೇ ನೇರವಾಗಿ ಓಡುತ್ತಿತ್ತು. ಆಮೇಲೆ ಜೋಡಿಸುವ ಸಾಧನ ಬಂತು, ಬೇರೆ ಹೆಸರು ಕೊಡುವ ಅನುಕೂಲವೂ ಬಂತು. ಹೆಸರು ಮಾತ್ರ ಹಾಗೇ ಉಳಿಯಿತು, ಇವತ್ತಿಗೂ ಉಳಿದಿದೆ!

ಈಗ 1976ಕ್ಕೆ ಬನ್ನಿ. ಅದೇ ಬೆಲ್ ಲ್ಯಾಬ್ಸ್. ಒಂದು ದಿನ ಸ್ಟೀವ್ ಜಾನ್ಸನ್ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾ ಸ್ಟುವರ್ಟ್ ಫೆಲ್ಡ್‌ಮನ್ ಕೋಣೆಗೆ ನುಗ್ಗಿದರು. ಈ ಜಾನ್ಸನ್ ಸಾಮಾನ್ಯರಲ್ಲ, ಯಾಕ್ ಎಂಬ ಪ್ರಸಿದ್ಧ ಸಾಧನ ಬರೆದವರು. ಅಂಥವರು ಇಡೀ ಬೆಳಗ್ಗೆ ಇಲ್ಲದ ತಪ್ಪೊಂದನ್ನು ಹುಡುಕಿದ್ದರು. ತಪ್ಪನ್ನು ಅವರು ಮೊದಲೇ ತಿದ್ದಿ ಆಗಿತ್ತು. ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಜೋಡಣೆಗೆ ಹೋದದ್ದು ಹಳೇ ಆಬ್ಜೆಕ್ಟ್ ಫೈಲೇ. ಫೆಲ್ಡ್‌ಮನ್ ಕೂಡ ಹಿಂದಿನ ಸಂಜೆ ಇದೇ ಗೋಳು ಅನುಭವಿಸಿದ್ದರಂತೆ.

ಕೈಬರಹದ ಲೆಡ್ಜರ್ ಕಂಡ ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಲೆನ್ಸ್ ತೆಗೆದು ಬರೆದಿಟ್ಟ ಮೇಲೆ ಯಾರೋ ಲೆಡ್ಜರಿನಲ್ಲಿ ಒಂದು ಎಂಟ್ರಿ ತಿದ್ದಿರುತ್ತಾರೆ. ನಾವು ಹಳೇ ಮೊತ್ತವನ್ನೇ ಹಿಡಿದು ರಾತ್ರಿ ಒಂಬತ್ತರವರೆಗೆ ವ್ಯತ್ಯಾಸ ಹುಡುಕುತ್ತೇವೆ. ಪ್ರತಿ ಎಂಟ್ರಿಯೂ ಸರಿಯಾಗಿಯೇ ಇರುತ್ತದೆ! ಎಷ್ಟು ಕೊನೇ ಲೋಕಲ್‌ಗಳನ್ನು ಹಿಡಿದಿದ್ದೇನೋ, ಲೆಕ್ಕವಿಲ್ಲ.

ಫೆಲ್ಡ್‌ಮನ್ ಮೊದಲು ದೊಡ್ಡ ಯೋಜನೆಯನ್ನೇ ಹಾಕಿದ್ದರು. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ತಾನೇ ಕಂಡುಹಿಡಿಯುವ ಪ್ರೋಗ್ರಾಮ್ ಬರೆಯಬೇಕು ಅಂತ. ಅದು ಕುದಿದು ಕುದಿದು ಬತ್ತಿ, ಆ ವಾರಾಂತ್ಯಕ್ಕೆ ಮೇಕ್ ಎಂಬ ಪುಟ್ಟ ಸಾಧನವಾಯಿತು. ಅದರ ನಿಯಮ ಇಷ್ಟೇ. ಮೊದಲು ಬೇಕಾದ ವಸ್ತುವಿನ ಹೆಸರು, ಅದೇ ಟಾರ್ಗೆಟ್. ಅದರ ಮುಂದೆ ಕೋಲನ್, ಆಮೇಲೆ ಅದಕ್ಕೆ ಬೇಕಾಗುವ ಫೈಲುಗಳ ಹೆಸರು. ಕೆಳಗಿನ ಸಾಲಿನಲ್ಲಿ ತಯಾರಿಸುವ ಆಜ್ಞೆ. ಬೇಕಾಗುವ ಫೈಲುಗಳಲ್ಲಿ ಯಾವುದಾದರೂ ಟಾರ್ಗೆಟ್‌ಗಿಂತ ಹೊಸದಾಗಿದ್ದರೆ ಮತ್ತೆ ತಯಾರಿಸು, ಇಲ್ಲದಿದ್ದರೆ ಸುಮ್ಮನಿರು. ಹೊಸದೋ ಹಳೆಯದೋ ಎಂದು ನೋಡುವುದು ಫೈಲಿನ ತಾರೀಖು, ಗಂಟೆ ಅಷ್ಟರಿಂದಲೇ. ಕಂಪ್ಯೂಟರಿನ ಗಡಿಯಾರ ತಪ್ಪಿದರೆ ಮೇಕ್ ಕೂಡ ತಪ್ಪುತ್ತದೆ, ಅದು ಬೇರೆ ಮಾತು.

ಗಮನಿಸಿ, ಇಲ್ಲಿ ಎಕ್ಸಿಕ್ಯೂಟಬಲ್‌ಗೆ ವಿಶೇಷ ಮರ್ಯಾದೆಯೇನೂ ಇಲ್ಲ. ಟಾರ್ಗೆಟ್ ಅಂದರೆ ಬರೀ ಒಂದು ಫೈಲ್ ಹೆಸರು. ಅದು ಪ್ರೋಗ್ರಾಮೋ, ಪತ್ರವೋ, ಪಟ್ಟಿಯೋ, ಮೇಕ್‌ಗೆ ಎಲ್ಲವೂ ಒಂದೇ. ಜೋಡಿಸುವುದು ಹೇಗೆಂದು ನಾವೇ ಹೇಳಿಕೊಡಬೇಕು. ಒಂದೇ ಜಾತಿಯ ಯಂತ್ರಗಳಿದ್ದಾಗ ಇದು ಚೆನ್ನಾಗಿಯೇ ನಡೆಯಿತು. ತರಹೇವಾರಿ ಯುನಿಕ್ಸ್‌ಗಳು, ಜೊತೆಗೆ ವಿಂಡೋಸ್ ಬಂದ ಮೇಲೆ ಒಂದು ಕಡೆಯ ಆಜ್ಞೆ ಇನ್ನೊಂದು ಕಡೆ ನಡೆಯದಾಯಿತು. 1994ರಲ್ಲಿ ಶುರುವಾದ ಆಟೋಮೇಕ್‌ನಲ್ಲಿ "ಇವು ಪ್ರೋಗ್ರಾಮುಗಳು" ಎಂದು ಒಂದು ಸಾಲಿನಲ್ಲಿ ಹೆಸರು ಬರೆದರೆ ಮೇಕ್‌ಗೆ ಬೇಕಾದ ಉಳಿದ ವಿವರವನ್ನು ಅದೇ ಬರೆದುಕೊಳ್ಳುತ್ತದೆ. 1999ರಲ್ಲಿ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಹಣ ಕೊಟ್ಟ ವೈದ್ಯಕೀಯ ಚಿತ್ರಗಳ ಸಾಫ್ಟ್‌ವೇರ್ ಯೋಜನೆಗಾಗಿ ಕಿಟ್‌ವೇರ್ ಕಂಪನಿ ಸಿಮೇಕ್ ಶುರುಮಾಡಿತು. ಅದರಲ್ಲಿ "ಆಡ್ ಎಕ್ಸಿಕ್ಯೂಟಬಲ್" ಎಂಬ ಆಜ್ಞೆಯೇ ಇದೆ: ಹೆಸರು ಹೇಳಿ, ಮೂಲ ಫೈಲುಗಳನ್ನು ಹೇಳಿ, ಮುಗಿಯಿತು. ವಿಂಡೋಸ್‌ನಲ್ಲಾದರೆ ಹೆಸರಿಗೆ ಡಾಟ್ ಇಎಕ್ಸ್‌ಇ ಬಾಲವನ್ನು ತಾನೇ ಅಂಟಿಸುತ್ತದೆ. ಹೇಗೆ ಮಾಡಬೇಕೆಂದು ಹೇಳುತ್ತಿದ್ದ ಜಾಗದಲ್ಲಿ ಏನು ಬೇಕೆಂದಷ್ಟೇ ಹೇಳುವುದು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ.

ಇನ್ನು ಮಗನ ತಕರಾರಿಗೆ ಬರುತ್ತೇನೆ. ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ನಡೆಯುವುದಿಲ್ಲ. ಕಣ್ಣಿಗೆ ಎರಡೂ ಬರೀ ಖಾಲಿ ಜಾಗ! ಇದಕ್ಕೆ ಕಾರಣವನ್ನು ಫೆಲ್ಡ್‌ಮನ್ನರೇ ಹೇಳಿಕೊಂಡಿದ್ದಾರೆ. ಲೆಕ್ಸ್ ಎಂಬ ಹೊಸ ಸಾಧನವನ್ನು ಕಲಿಯಲು ಹೋಗಿ ಮೊದಲ ಪ್ರಯತ್ನದಲ್ಲೇ ಸಿಕ್ಕಿಹಾಕಿಕೊಂಡರು. ಸದ್ಯಕ್ಕೆ ಸುಲಭವಾಗಲಿ ಎಂದು ಹೊಸ ಸಾಲು, ಅದರ ಬೆನ್ನಿಗೇ ಟ್ಯಾಬ್, ಎಂಬ ಗುರುತು ಇಟ್ಟರು. ನಡೆಯಿತು, ಉಳಿಯಿತು. ಕೆಲವೇ ವಾರಗಳಲ್ಲಿ ಒಂದು ಡಜನ್ ಜನ ಅದನ್ನು ಬಳಸತೊಡಗಿದ್ದರು, ಹೆಚ್ಚಿನವರು ಸ್ನೇಹಿತರು. ಬದಲಾಯಿಸಿ ಅವರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲವಂತೆ. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಐವತ್ತು ವರ್ಷದ ಪೇಚಾಟ! ಅಂದಹಾಗೆ ಇದೇ ಮೇಕ್‌ಗಾಗಿ ಅವರಿಗೆ ಎಸಿಎಂ ಸಂಸ್ಥೆಯ 2003ರ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು. 2010ರಲ್ಲಿ ಗ್ನೂ ಮೇಕ್ ಟ್ಯಾಬ್ ಬದಲು ಬೇರೆ ಗುರುತು ಇಟ್ಟುಕೊಳ್ಳಲು ಅನುವು ಮಾಡಿಕೊಟ್ಟಿದೆ. ನನ್ನ ಮಗನಿಗಂತೂ ಅದು ಗೊತ್ತಿರಲಿಲ್ಲ.

ಸಂಜೆ ಅವನ ಕೋಣೆಗೆ ಹೋಗಿ, "ಆ ಸಾಲಿನ ಶುರುವಿನಲ್ಲಿ ಇರೋದು ಟ್ಯಾಬೋ ಸ್ಪೇಸೋ ನೋಡು" ಅಂದೆ. ಎಲ್ಲಿಂದಲೋ ಕಾಪಿ ಮಾಡಿ ತಂದಿದ್ದನಂತೆ, ಎಂಟು ಸ್ಪೇಸ್ ಇತ್ತು. ಅಳಿಸಿ ಟ್ಯಾಬ್ ಒತ್ತಿದ. ಓಡಿತು. "ನಿಮಗೆ ಹೇಗಪ್ಪಾ ಗೊತ್ತು?" ಅಂದ. ಬ್ಯಾಂಕಿನವನು ಕಣಪ್ಪಾ, ಅಂದೆ.