ಗಾಲಿಯ ಮನೆಯ ಹೆಸರಿಲ್ಲದ ಗುಂಡಿಗಳು

ಮನೆಯೆಂಬುದು ನಿಲ್ಲುವ ವಸ್ತು, ಬಂಡಿಯೆಂಬುದು ಚಲಿಸುವ ವಸ್ತು. ಇವೆರಡನ್ನೂ ಒಂದುಗೂಡಿಸಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಕಮಾನು ಗಾಡಿಯಲ್ಲಿ ಹುಲ್ಲು ತುಂಬಿ, ಮೇಲೆ ಜಮಖಾನ ಹಾಸಿ, ಬುತ್ತಿಯ ಗಂಟನ್ನೂ ನೀರಿನ ಬಿಂದಿಗೆಯನ್ನೂ ಇರಿಸಿಕೊಂಡು ಜಾತ್ರೆಗೆ ಹೊರಡುತ್ತಿದ್ದ ನಮ್ಮ ಹಿರಿಯರು ಎರಡು ಮೂರು ದಿನಗಳ ಮಟ್ಟಿಗೆ ಮನೆಯನ್ನೇ ಕೊಂಡೊಯ್ಯುತ್ತಿದ್ದರು. ಆ ಗಾಡಿಯಲ್ಲಿ ತಿಳಿಯದಂಥದು ಏನೂ ಇರಲಿಲ್ಲ. ನೊಗ ಯಾವುದು, ಕೀಲು ಯಾವುದು, ಅಡಿಯಲ್ಲಿ ತೂಗುವ ಲಾಟೀನಿಗೆ ಎಷ್ಟು ಎಣ್ಣೆ ಎಂಬುದನ್ನು ಮನೆಯ ಚಿಕ್ಕ ಹುಡುಗನೂ ಬಲ್ಲ. ಗಾಡಿ ಕೈಯಿಂದ ಕೈಗೆ ಹೋದರೂ ಅದರ ತಿಳಿವಳಿಕೆ ದಾರಿಯಲ್ಲಿ ಕಳೆದುಹೋಗುತ್ತಿರಲಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಇದೇ ಆಸೆ ಬೆಳೆದು 'ಮೋಟಾರು ಮನೆ'ಯ ರೂಪವನ್ನು ತಾಳಿದೆ. ಒಂದು ಬಸ್ಸಿನಷ್ಟು ಜಾಗದಲ್ಲಿ ಮಂಚ, ಒಲೆ, ಬಚ್ಚಲು, ಕಕ್ಕಸು, ಬಿಸಿನೀರು, ದೀಪ, ಆಹಾರವನ್ನು ತಣ್ಣಗಿಡುವ ಪೆಟ್ಟಿಗೆ ಎಲ್ಲವೂ ಇರುತ್ತವೆ. ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಇಂಥದೊಂದನ್ನು, ಇಪ್ಪತ್ತೈದು ವರ್ಷ ಹಳೆಯದನ್ನು, ಮೂರನೆಯ ಒಡೆಯನಾಗಿ ಕೊಂಡುಕೊಂಡ. ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ ನಾಲ್ಕು ದಿನ ಆ ಬಂಡಿಯೊಳಗೆ ಕಳೆಯುವ ಸಂದರ್ಭ ನನಗೆ ಒದಗಿತು. ಮಾರಿದಾತ ಬೀಗದ ಕೈ ಕೊಟ್ಟಿದ್ದ; ಕೈಪಿಡಿ ಅವನಲ್ಲಿಯೇ ಇರಲಿಲ್ಲ. ತಯಾರಿಸಿದ ಕಂಪೆನಿ ಬಾಗಿಲು ಮುಚ್ಚಿ ವರ್ಷಗಳಾಗಿದ್ದವು. ಗೋಡೆಯಲ್ಲಿ, ಬಾಗಿಲ ಪಕ್ಕದಲ್ಲಿ, ಮಂಚದ ತಲೆಯ ಬಳಿ, ಚಾಲಕನ ಮೊಣಕಾಲ ಹತ್ತಿರ ಎಲ್ಲ ಸೇರಿ ಮೂವತ್ತೊಂದು ಗುಂಡಿಗಳು. ಅವುಗಳಲ್ಲಿ ಹನ್ನೊಂದಕ್ಕೆ ಹೆಸರೇ ಇಲ್ಲ. "ಮಾವ, ಹಳೆಯ ಶಾಸನ ಓದುವವರು ನೀವು. ಇದನ್ನೂ ಸ್ವಲ್ಪ ಓದಿಕೊಡಿ" ಎಂದು ಹುಡುಗ ನಕ್ಕ.

ಅವನು ವಿನೋದಕ್ಕೆ ಆಡಿದ ಮಾತಿನಲ್ಲಿ ಒಂದು ಸತ್ಯವಿತ್ತು. ಅಕ್ಷರ ಅಳಿಸಿಹೋದ ಶಾಸನವನ್ನು ಓದುವವನು ಅದರ ಕಾಲವನ್ನೂ ಬರೆಸಿದವನ ಉದ್ದೇಶವನ್ನೂ ಮೊದಲು ಅರಿಯಬೇಕು. ಗುಂಡಿಗಳ ಮಾತೂ ಹಾಗೆಯೇ. ಅವು ಹುಟ್ಟಿದ ಕಥೆ ಗೊತ್ತಾದರೆ ಅರ್ಧ ಅರ್ಥವಾದಂತೆ.

ಈ ಕಥೆಯ ಆರಂಭದಲ್ಲಿ ಒಬ್ಬ ಹಡಗಿನ ವೈದ್ಯನಿದ್ದಾನೆ. ಬ್ರಿಟಿಷ್ ನೌಕಾಪಡೆಯಿಂದ ನಿವೃತ್ತನಾಗಿ ಹುಡುಗರಿಗೆ ಸಾಹಸದ ಕಥೆಗಳನ್ನು ಬರೆಯುತ್ತಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬಾತ 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಮನೆಬಂಡಿಯನ್ನು ಕಟ್ಟಿಸಿದ. ತೂಕ ಸುಮಾರು 2 ಟನ್. ಎಳೆಯಲು ಎರಡು ಕುದುರೆ. ಆ ವರ್ಷವೇ ದಕ್ಷಿಣ ಇಂಗ್ಲೆಂಡಿನಿಂದ ಹೊರಟು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಪ್ರಯಾಣ ಮಾಡಿದ. ಮರುವರ್ಷ ಅದರ ವೃತ್ತಾಂತವನ್ನು ಪ್ರಕಟಿಸಿದ. ಅಲೆಮಾರಿ ಜನರ ಬಂಡಿಮನೆಗಳನ್ನು ನೋಡಿ ಅವನಿಗೆ ಈ ಆಸೆ ಹುಟ್ಟಿತಾದರೂ, ಬಂಡಿಯನ್ನು ಅವನು ಕರೆದದ್ದು 'ನೆಲದ ಮೇಲಿನ ವಿಹಾರನೌಕೆ' ಎಂದು. ನೀರು, ಎಣ್ಣೆ, ಅನ್ನ ಎಲ್ಲವನ್ನೂ ಅಳೆದು ಹೊತ್ತು ಸಾಗುವುದು ಹಡಗಿನ ಬಾಳು. ಅವನ ಬಂಡಿಯ ಬಾಳೂ ಅದೇ. ಇಂದಿಗೂ ಮೋಟಾರು ಮನೆಗೆ ಹೊರಗಿನಿಂದ ತಂತಿ ಚುಚ್ಚಿ ಪಡೆಯುವ ವಿದ್ಯುತ್ತನ್ನು ಅಮೆರಿಕದವರು 'ದಡದ ವಿದ್ಯುತ್ತು' ಎಂದೇ ಕರೆಯುತ್ತಾರೆ. ಸಮುದ್ರದಿಂದ ನೂರಾರು ಮೈಲಿ ದೂರದ ಹುಲ್ಲುಗಾವಲಿನಲ್ಲಿ ನಿಂತು ಈ ಮಾತನ್ನು ಕೇಳಿದಾಗ ನನಗೆ ಸ್ಟೇಬಲ್ಸನ ನೆನಪಾಯಿತು.

ಸ್ಟೇಬಲ್ಸನ ಬಂಡಿಯಲ್ಲಿ ಗುಂಡಿಗಳಿರಲಿಲ್ಲ. ದೀಪವಿತ್ತು, ಎಣ್ಣೆಯ ಒಲೆಯಿತ್ತು. ಎಲ್ಲವೂ ಕಣ್ಣಿಗೆ ಕಾಣುವಂಥವು. ಮೂವತ್ತು ವರ್ಷ ಕಳೆಯುವುದರೊಳಗೆ ಸ್ಥಿತಿ ಬದಲಾಯಿತು. 1915ರಲ್ಲಿ ರೋಲೆಂಡ್ ಕಾಂಕ್ಲಿನ್ ಎಂಬ ಅಮೆರಿಕದ ಉದ್ಯಮಿ ಸಂಸಾರಸಮೇತ ನ್ಯೂಯಾರ್ಕಿನ ಕಡೆಯಿಂದ ಸಾನ್‌ಫ್ರಾನ್ಸಿಸ್ಕೋಗೆ ಹೊರಟ. ಅವನ ವಾಹನ 25 ಅಡಿ ಉದ್ದದ, 8 ಟನ್ ತೂಕದ ಬಸ್ಸು. ವಿದ್ಯುಜ್ಜನಕ ಯಂತ್ರ, ವಿದ್ಯುದ್ದೀಪ, ಪೂರ್ಣವಾದ ಅಡಿಗೆಮನೆ, ರೈಲಿನಲ್ಲಿರುವಂಥ ಮಲಗುವ ಹಲಗೆಗಳು, ಮರೆಯಾಗಿರುವ ಪುಸ್ತಕದ ಬೀರು, ಇವೆಲ್ಲ ಸಾಲದೆಂಬಂತೆ ಮಾಳಿಗೆಯ ಮೇಲೊಂದು ತೋಟ! ಆ ಬಸ್ಸನ್ನು ಕಟ್ಟಿದ್ದು ಅವನದೇ ಕಂಪೆನಿ. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕೇಳಲು ಅವನು ಪರರ ಮನೆಗೆ ಹೋಗಬೇಕಾಗಿರಲಿಲ್ಲ. ಕಟ್ಟಿದವನೂ ಒಡೆಯನೂ ಒಬ್ಬನೇ ಆದ ಕಾಲ ಅದು.

ಇವರಿಬ್ಬರೂ ಬೇರೆಯಾದುದು ಎರಡನೆಯ ಮಹಾಯುದ್ಧದ ನಂತರ. ಜರ್ಮನಿಯಲ್ಲಿ ಫೋಕ್ಸ್‌ವಾಗನ್ ವ್ಯಾನಿಗೆ ಮಂಚ, ಬೀರುಗಳನ್ನು ಜೋಡಿಸುವ ಕೆಲಸವನ್ನು ವೆಸ್ಟ್‌ಫಾಲಿಯಾ ಕಾರ್ಖಾನೆ 1951ರಲ್ಲಿ ಕೈಗೊಂಡಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ರೇಮಂಡ್ ಫ್ರಾಂಕ್ ಎಂಬಾತ 1958ರಲ್ಲಿ ತನ್ನ ಸಂಸಾರಕ್ಕೆಂದು ಒಂದು ವಾಹನವನ್ನು ಕಟ್ಟಿ, ಮುಂದೆ ಮಾರಾಟಕ್ಕೂ ಕಟ್ಟತೊಡಗಿದ. 'ಮೋಟಾರು ಮನೆ' ಎಂಬ ಹೆಸರು ಬಳಕೆಗೆ ಬಂದುದು ಅವನಿಂದ. 1966ರಲ್ಲಿ ಅಯೋವಾ ರಾಜ್ಯದ ವಿನೆಬೇಗೊ ಕಾರ್ಖಾನೆ ಇದನ್ನು ಕಾರುಗಳಂತೆ ಸಾಲಿನಲ್ಲಿ ತಯಾರಿಸಿ, ಇತರರ ಬೆಲೆಯ ಸುಮಾರು ಅರ್ಧಕ್ಕೇ ಮಾರಿತು. ಶ್ರೀಮಂತರ ವಿಲಾಸವಾಗಿದ್ದುದು ಮಧ್ಯಮ ವರ್ಗದವರ ಅಂಗಳಕ್ಕೆ ಬಂದಿತು. ಈಗ ತಿಳಿವಳಿಕೆ ಇದ್ದುದು ಕಾರ್ಖಾನೆಯಲ್ಲಿ. ಒಡೆಯನ ಪಾಲಿಗೆ ಬಂದುದು ಕೈಪಿಡಿ. 1973ರ ತೈಲದ ಮುಗ್ಗಟ್ಟಿನಲ್ಲಿಯೂ, 2008ರ ಆರ್ಥಿಕ ಕುಸಿತದಲ್ಲಿಯೂ ಹಲವು ಕಾರ್ಖಾನೆಗಳು ಮುಚ್ಚಿದವು. ಬಂಡಿಗಳು ಉಳಿದವು, ಒಡೆಯರು ಬದಲಾದರು, ಕೈಪಿಡಿಗಳು ಕಳೆದುಹೋದವು. ನಮ್ಮ ಹುಡುಗನ ಹನ್ನೊಂದು ಗುಂಡಿಗಳು ಅನಾಥವಾದುದು ಹೀಗೆ.

ಈ ಇತಿಹಾಸವನ್ನು ಕೈಯಲ್ಲಿ ಹಿಡಿದು ನಾವು ಓದಲಾರಂಭಿಸಿದೆವು. ಬಾಗಿಲ ಬಳಿಯ ಗುಂಡಿಯೊಂದಕ್ಕೆ ಹೆಸರಿತ್ತು, ಅರ್ಥವಿರಲಿಲ್ಲ: ಒಂದು ಕಡೆ 'ಬಳಕೆ', ಇನ್ನೊಂದು ಕಡೆ 'ದಾಸ್ತಾನು'. ಚಳಿನಾಡಿನಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಈ ಬಂಡಿಗಳು ಓಡದೆ ನಿಲ್ಲುತ್ತವೆ. ಆಗ ಬ್ಯಾಟರಿ ಸೋರಿ ಸಾಯದಂತೆ ಇಡೀ ಮನೆಯ ಸಂಬಂಧವನ್ನು ಕಡಿದುಹಾಕುವ ಗುಂಡಿ ಅದು. 'ದಾಸ್ತಾನು' ಎಂಬಲ್ಲಿ ನಿಂತಿದ್ದರೆ ಮನೆಯ ದೀಪವೊಂದೂ ಬೆಳಗದು. ಬಿಸಿನೀರು ಬಾರದಿದ್ದುದಕ್ಕೂ ಚಳಿಗಾಲವೇ ಕಾರಣ. ಕೊಳಾಯಿಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಅವರು ಗುಲಾಬಿ ಬಣ್ಣದ ಒಂದು ದ್ರವವನ್ನು ತುಂಬುತ್ತಾರೆ. ಸುಮಾರು 6 ಗ್ಯಾಲನ್ ಹಿಡಿಯುವ ಬಿಸಿನೀರಿನ ಹಂಡೆಗೂ ಅದನ್ನು ಸುರಿದು ದಂಡ ಮಾಡಬಾರದೆಂದು ಹಂಡೆಯನ್ನು ಬಳಸಿಹೋಗುವ ಅಡ್ಡದಾರಿಯೊಂದನ್ನು ತಿರುಪುಗಳಿಂದ ತೆರೆಯುತ್ತಾರೆ. ಹಿಂದಿನ ಒಡೆಯ ತೆರೆದ ಅಡ್ಡದಾರಿ ಹಾಗೆಯೇ ಉಳಿದಿತ್ತು.

ಚಾಲಕನ ಪಕ್ಕದಲ್ಲಿದ್ದ, ಒತ್ತಿ ಹಿಡಿದರಷ್ಟೆ ಕೆಲಸ ಮಾಡುವ ಹೆಸರಿಲ್ಲದ ಗುಂಡಿಯ ಅರ್ಥ ಇನ್ನೂ ಸ್ವಾರಸ್ಯವಾದುದು. ಮೋಟಾರು ಮನೆಯಲ್ಲಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ. ಎಂಜಿನ್ನಿಗೆ ಒಂದು, ಮನೆಯ ದೀಪ, ಪಂಪುಗಳಿಗೆ ಇನ್ನೊಂದು. ರಾತ್ರಿಯೆಲ್ಲ ದೀಪ ಉರಿದು ಬೆಳಗ್ಗೆ ಎಂಜಿನ್ನು ಹೊರಡದಂತಾಗಬಾರದೆಂದು ಇವನ್ನು ಬೇರೆಬೇರೆಯಾಗಿ ಇರಿಸಿರುತ್ತಾರೆ. ಪಾಲಾಗಿ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತೆ ಇವು. ಎಂಜಿನ್ನಿನ ಬ್ಯಾಟರಿ ಸೋತ ದಿನ ಈ ಗುಂಡಿಯನ್ನು ಒತ್ತಿದರೆ ತಮ್ಮ ಅಣ್ಣನಿಗೆ ಕೈಕೊಡುತ್ತಾನೆ; ಬೆರಳು ತೆಗೆದೊಡನೆ ಮತ್ತೆ ಅವರವರ ಸಂಸಾರ ಅವರವರಿಗೆ.

ತಂಪುಪೆಟ್ಟಿಗೆಯ ಕಥೆಗೆ ಸ್ವೀಡನ್ ದೇಶಕ್ಕೆ ಹೋಗಬೇಕು. 1922ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್, ಚಲಿಸುವ ಭಾಗವೊಂದೂ ಇಲ್ಲದ ಶೀತಯಂತ್ರವನ್ನು ರಚಿಸಿದರು. ಅಮೋನಿಯ, ನೀರು, ಜಲಜನಕ ಇವು ಮೂರೂ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತವೆ, ಸುತ್ತಿಸುವುದು ಶಾಖ. ಕೆಳಗೆ ಸಣ್ಣ ಜ್ವಾಲೆ ಉರಿದರೆ ಮೇಲೆ ಹಿಮ ಕಟ್ಟುತ್ತದೆ! ವಿದ್ಯುತ್ತಿಲ್ಲದ ಬಯಲಿನಲ್ಲಿ ನಿಲ್ಲುವ ಗಾಲಿಯ ಮನೆಗೆ ಇದಕ್ಕಿಂತ ಹೊಂದುವ ಯಂತ್ರ ಯಾವುದು? ಕೊಳವೆಯ ದ್ರವ ತನ್ನ ಭಾರದಿಂದಲೇ ಇಳಿದುಬರಬೇಕಾದುದರಿಂದ ಬಂಡಿ ಸಮತಟ್ಟಾಗಿ ನಿಂತಿರಬೇಕು ಎಂಬ ಕಟ್ಟಳೆ ಮಾತ್ರ ಉಂಟು. ಪೆಟ್ಟಿಗೆಯ ಒಳಗೆ ನಮಗೆ ಸಿಕ್ಕ ಇನ್ನೊಂದು ಪುಟ್ಟ ಗುಂಡಿ, ಸೆಕೆಯ ದಿನಗಳಲ್ಲಿ ಬಾಗಿಲ ಚೌಕಟ್ಟಿಗೆ ತುಸು ಶಾಖ ಕೊಟ್ಟು ಹನಿ ಕಟ್ಟದಂತೆ ಮಾಡುವುದು. ತಿಳಿಯದೆ ಬಿಟ್ಟರೆ ಅದು ಸದ್ದಿಲ್ಲದೆ ಬ್ಯಾಟರಿಯನ್ನು ಕುಡಿಯುತ್ತದೆ.

ನಾಲ್ಕನೆಯ ದಿನಕ್ಕೆ ಉಳಿದವು ಎರಡು. ಒಂದು, ಮಾಳಿಗೆಯ ಮೇಲಿನ ಟೆಲಿವಿಷನ್ ಆಂಟೆನಾದ ಬಲವನ್ನು ಹೆಚ್ಚಿಸುವುದು. ಮತ್ತೊಂದರ ತಂತಿಯನ್ನು ಹಿಡಿದು ಹೊರಟರೆ ಅದು ಬೀರುವಿನ ಹಿಂದೆ ತುಂಡಾಗಿ ನಿಂತಿತ್ತು. ಯಾವನೋ ಒಡೆಯ ದೀಪವೊಂದನ್ನು ಸೇರಿಸಿದ್ದ, ಇನ್ನೊಬ್ಬ ಕಿತ್ತಿದ್ದ. ಗ್ರಂಥ ಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಪ್ರಕ್ಷಿಪ್ತ, ಮೂಲದಲ್ಲಿ ಇರಲಿಲ್ಲ.

ಇದೆಲ್ಲ ಬಿಡುವಿದ್ದವರ ವಿನೋದವೆಂದು ಓದುಗರು ಭಾವಿಸಬಾರದು. ಅದೇ ಬಂಡಿಯಲ್ಲಿ ಅನಿಲದ ತೊಟ್ಟಿಯಿದೆ, ಅದರಿಂದ ಉರಿಯುವ ಜ್ವಾಲೆಗಳಿವೆ, ವಿಷದ ಹೊಗೆಯುಗುಳುವ ಜನಕಯಂತ್ರವಿದೆ. ಪಕ್ಕದಲ್ಲೇ ಮಕ್ಕಳು ಮಲಗುವ ಮಂಚವಿದೆ. ನಮ್ಮ ಅಡಿಗೆಮನೆಯ ಸಿಲಿಂಡರಿನ ಅನಿಲದಂತೆ ಆ ಅನಿಲವೂ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಆದ್ದರಿಂದಲೇ ಅದರ ಎಚ್ಚರಿಕೆಯ ಯಂತ್ರವನ್ನು ಪಾದದ ಎತ್ತರದಲ್ಲಿ ಕೂರಿಸಿರುತ್ತಾರೆ. ಇದನ್ನರಿಯದ ಹೊಸ ಒಡೆಯ ಅಲ್ಲಿ ಅದೇಕೆಂದು ಕಿತ್ತುಹಾಕಿದರೆ ಗತಿಯೇನು?

ಹೆಸರಿಲ್ಲದಿರುವುದರ ಬೆಲೆ ಎಷ್ಟೆಂಬುದನ್ನು ಅಮೆರಿಕ 1937ರಲ್ಲಿ ಕಂಡಿತು. ಆ ವರ್ಷದ ಮಾರ್ಚ್ 18ರಂದು ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನೈಸರ್ಗಿಕ ಅನಿಲ ಸೋರಿ ಸ್ಫೋಟಗೊಂಡು ಮಕ್ಕಳೂ ಉಪಾಧ್ಯಾಯರೂ ಸೇರಿ ಸುಮಾರು 300 ಮಂದಿ ಸತ್ತರು. ಆ ಅನಿಲಕ್ಕೆ ಬಣ್ಣವಿರಲಿಲ್ಲ, ವಾಸನೆಯೂ ಇರಲಿಲ್ಲ. ನೆಲಮಾಳಿಗೆಯಲ್ಲಿ ಅದು ತುಂಬಿಕೊಂಡುದು ಯಾರ ಅರಿವಿಗೂ ಬರಲಿಲ್ಲ. ಅನಂತರ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಬೇಕೆಂದು ಕಾನೂನಾಯಿತು. ಇಂದು ನಮ್ಮ ಗೃಹಿಣಿಯರು ಮೂಗು ಅರಳಿಸಿ "ಗ್ಯಾಸ್ ಸೋರುತ್ತಿದೆ" ಎನ್ನುವಂತೆ ಮಾಡುವುದೂ ಹೀಗೆಯೇ ಬೆರೆಸಿದ ವಾಸನೆ. ಅದು ಅನಿಲಕ್ಕೆ ಅಂಟಿಸಿದ ಹೆಸರುಚೀಟಿಯಲ್ಲದೆ ಮತ್ತೇನು? ಕಣ್ಣಿಗೆ ಓದಲಾಗದ್ದನ್ನು ಮೂಗಿಗೆ ಬರೆದಿದ್ದಾರೆ.

ಮುಂದೆ 1968ರಲ್ಲಿ ಜಾರಿಗೆ ಬಂದ ಅಮೆರಿಕದ ವಾಹನ ಸುರಕ್ಷತೆಯ ನಿಯಮಗಳು, ಕಾರಿನ ಚಾಲಕನ ಮುಂದಿರುವ ಗುಂಡಿಗಳ ಮೇಲೆ ಅವುಗಳ ಕೆಲಸವನ್ನು ಬರೆದಿರಬೇಕೆಂದು ವಿಧಿಸಿದವು. ಕತ್ತಲಲ್ಲಿ ದೀಪದ ಗುಂಡಿಗಾಗಿ ತಡಕಾಡುವವನ ಕಣ್ಣು ರಸ್ತೆಯಿಂದ ಸರಿಯುತ್ತದೆಂಬ ವಿವೇಕ ಅದರ ಹಿಂದಿತ್ತು. ಬೇರೆಬೇರೆ ದೇಶದವರ ಕಾರುಗಳಲ್ಲಿ ಇಂದು ಒಂದೇ ಬಗೆಯ ಚಿಹ್ನೆಗಳನ್ನು ಕಾಣುತ್ತೇವೆ. ಮೋಟಾರು ಮನೆಯಲ್ಲಿ ಚಾಲಕನ ಪೀಠವನ್ನು ದಾಟಿ ಒಳಗೆ ಹೋದರೆ ಈ ಐಕಮತ್ಯ ಮುಗಿಯಿತು. ಅಲ್ಲಿ ಪಂಪಿನ ಗುಂಡಿಯ ರೂಪ ಒಬ್ಬೊಬ್ಬ ತಯಾರಕನದು ಒಂದೊಂದು.

ನಾವು ನಿಂತ ಮನೆಗಳಲ್ಲಿರುವವರು. ನಮಗೆ ಇದರಿಂದೇನು ಎನ್ನಬಹುದು. ಬೆಂಗಳೂರು, ಮೈಸೂರುಗಳ ಹಳೆಯ ಮನೆಗಳಲ್ಲಿ ಸ್ವಿಚ್‌ಬೋರ್ಡಿನ ಮುಂದೆ ನಿಂತು ನೋಡಿರಿ. ಯಾವ ದೀಪಕ್ಕೂ ಸೇರದ ಸ್ವಿಚ್ಚು ಒಂದಾದರೂ ಇದ್ದೇ ಇರುತ್ತದೆ. ತೊಟ್ಟಿಯಿಂದ ಬರುವ ನಲ್ಲಿ ಯಾವುದು, ಬೀದಿಯ ಕೊಳಾಯಿಯಿಂದ ಬರುವುದು ಯಾವುದು ಎಂಬುದು ಯಜಮಾನರೊಬ್ಬರಿಗೇ ಗೊತ್ತು. ಅವರು ಊರಿಗೆ ಹೋದ ದಿನ ಮನೆಮಂದಿಯೆಲ್ಲ ಹೊಸ ಒಡೆಯರಾಗುತ್ತಾರೆ. ಬಲ್ಲವನಿಗೆ ತಾನು ಬಲ್ಲೆನೆಂಬುದೇ ಮರೆತುಹೋಗಿರುತ್ತದೆ. ಆದುದರಿಂದ ಅವನು ಬರೆದಿಡುವುದಿಲ್ಲ.

ತಾಳೆಗರಿಯನ್ನು ಪ್ರತಿಮಾಡಿದ ಲಿಪಿಕಾರರು ಕೊನೆಯಲ್ಲಿ ದಿನ, ತಿಥಿ, ತಮ್ಮ ಹೆಸರುಗಳನ್ನು ಬರೆದಿಡುತ್ತಿದ್ದುದುಂಟು. ಮುಂದೆ ಗರಿಯನ್ನು ಬಿಚ್ಚುವ, ತಾವು ಕಾಣದ ಒಬ್ಬ ಓದುಗನಿಗೆ ಅವರು ಬಿಟ್ಟ ಮಾತು ಅದು. ಅಕ್ಕನ ಮಗನೂ ಅಂಥದೊಂದನ್ನು ಮಾಡಿದ. ಹನ್ನೊಂದು ಚೀಟಿಗಳನ್ನು ಬರೆದು ಗುಂಡಿಗಳ ಪಕ್ಕದಲ್ಲಿ ಅಂಟಿಸಿದ. ತುಂಡಾದ ತಂತಿಯ ಗುಂಡಿಗೂ ಒಂದು ಚೀಟಿ ಉಂಟು: "ಇದರಿಂದ ಏನೂ ಆಗುವುದಿಲ್ಲ, ಹುಡುಕಬೇಡಿ." ಅವುಗಳಲ್ಲಿ ಹೆಚ್ಚು ದಯೆಯಿಂದ ಬರೆದುದು ಅದೇ ಎಂದು ನನಗೆ ತೋರುತ್ತದೆ. ಹುಡುಕಿ ಸೋತವನಿಗಲ್ಲದೆ ಅಂಥ ಮಾತು ಬರೆಯಬೇಕೆಂದು ಹೊಳೆಯದು.