ಮೈನಸ್ ಏಳು

ಯಾವ ಪಟ್ಟಿ ಕೈಗೆ ಸಿಕ್ಕರೂ ಕೊನೆಯ ಸಾಲಿನಿಂದ ಓದಲು ತೊಡಗುವುದು ನನಗಂಟಿದ ಅಭ್ಯಾಸ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಅಂಕಪಟ್ಟಿ ಬರೆದದ್ದರ ಫಲ ಅದು. ಮೊದಲ ಸ್ಥಾನದವರನ್ನು ಊರೆಲ್ಲ ನೋಡುತ್ತದೆ, ಟೀಚರ ಕಣ್ಣು ಮಾತ್ರ ತಳಕ್ಕೇ ಹೋಗುತ್ತದೆ. ಹಾಗೆ ತಳಕ್ಕೆ ಹೋದಾಗಲೇ ನನಗೆ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಎಂಬ ಊರಿನ ಫುಟ್‌ಬಾಲ್ ತಂಡದ ಪರಿಚಯವಾದದ್ದು. ಹೈಲ್ಯಾಂಡ್ ಲೀಗ್ ಎಂಬ ಪಂದ್ಯಾವಳಿಯ 2018-19ನೇ ಸಾಲಿನ ಪಟ್ಟಿ ಅದು. ಹದಿನೆಂಟು ತಂಡಗಳು. ಹದಿನೆಂಟನೆಯ ಸಾಲು ಹೀಗಿತ್ತು: ಆಡಿದ್ದು 34, ಗೆದ್ದದ್ದು 0, ಸಮ 2, ಸೋತದ್ದು 32. ಹೊಡೆದ ಗೋಲು 21, ಹೊಡೆಸಿಕೊಂಡದ್ದು 245. ಒಟ್ಟು ಅಂಕ, ಮೈನಸ್ 7.

ಫುಟ್‌ಬಾಲಿಗೂ ನಮಗೂ ಎಂಥ ಸಂಬಂಧ ಎಂದು ಪುಟ ಮಗುಚಬೇಡಿ. ಮನೆಯ ಗಂಡಸರು ಟೀವಿ ಮುಂದೆ ಕೂತು ಕೂಗಾಡುವಾಗ ಖಾಲಿ ಲೋಟ ಎತ್ತಿಕೊಂಡು ಒಳಗೆ ನಡೆಯುವವರ ಪೈಕಿ ನಾನೂ ಒಬ್ಬಳು. ಆದರೆ ಸೊನ್ನೆಗಿಂತ ಕೆಳಗೆ ಅಂಕ ಪಡೆಯುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನ್ನ ತರಗತಿಯ ಅತಿ ದಡ್ಡ ಎನಿಸಿಕೊಂಡ ಹುಡುಗನೂ ಹಾಗೆ ತೆಗೆದವನಲ್ಲ.

ಮೊದಲು ಊರಿನ ವಿಷಯ. ಫೋರ್ಟ್ ವಿಲಿಯಂ ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಸೀಮೆಯಲ್ಲಿ, ಸಮುದ್ರದ ಹಿನ್ನೀರಿನ ದಡದಲ್ಲಿರುವ ಪೇಟೆ. ಅಲ್ಲಿನ ಹಳೆಯ ಗೇಲಿಕ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ದಂಡು' ಎಂದು. ಬೆಟ್ಟದ ಜನರನ್ನು ಹದ್ದಿನಲ್ಲಿಡಲು 1690ರಲ್ಲಿ ಕಟ್ಟಿದ ಕೋಟೆಗೆ ರಾಜ ವಿಲಿಯಂನ ಹೆಸರಿಟ್ಟರು, ಅದೇ ಊರಿಗೂ ಉಳಿಯಿತು. ತಲೆಯ ಮೇಲೆಯೇ ಬೆನ್ ನೆವಿಸ್, ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, 1345 ಮೀಟರು. ಅದರ ಬುಡದಲ್ಲಿ ಕ್ಲಾಗನ್ ಪಾರ್ಕ್ ಎಂಬ ಆಟದ ಬಯಲು. ಚಿತ್ರದಲ್ಲಿ ನೋಡಿದರೆ ಇಷ್ಟು ಚೆಂದದ ಜಾಗದಲ್ಲಿ ಯಾರಾದರೂ ಸೋಲುತ್ತಾರೆಯೇ ಅನಿಸುತ್ತದೆ. ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಈ ತಂಡದ ಎದುರಾಳಿಗಳ ಊರುಗಳು ಬಹುಪಾಲು ಇರುವ ಪೂರ್ವ ತೀರದಲ್ಲಿ ಅದರ ಅರ್ಧವೂ ಬೀಳುವುದಿಲ್ಲ.

ಆ ಎದುರಾಳಿಗಳೆಲ್ಲ ಪೂರ್ವದಲ್ಲೇ ಏಕೆ ಎನ್ನುವುದರಲ್ಲಿಯೇ ಅರ್ಧ ಕತೆಯಿದೆ. ಹೈಲ್ಯಾಂಡ್ ಲೀಗ್ ಹುಟ್ಟಿದ್ದು 1893ರಲ್ಲಿ. ಇನ್ವರ್ನೆಸ್, ಫಾರೆಸ್, ಎಲ್ಗಿನ್ ಕಡೆಯ ಬಯಲು ಸೀಮೆಗೆ ಆಗಲೇ ರೈಲು ಬಂದಿತ್ತು. ಶನಿವಾರ ಮಧ್ಯಾಹ್ನ ರೈಲು ಹತ್ತಿ ಪಕ್ಕದ ಊರಿಗೆ ಹೋಗಿ ಆಡಿ ರಾತ್ರಿಗೆ ಮನೆ ಸೇರಬಹುದಿತ್ತು. ಫೋರ್ಟ್ ವಿಲಿಯಮಿಗೆ ರೈಲು ಬಂದದ್ದು ಮರುವರ್ಷ, 1894ರಲ್ಲಿ. ಅದೂ ದಕ್ಷಿಣದ ಗ್ಲಾಸ್ಗೋದಿಂದ. ಇನ್ವರ್ನೆಸ್ಸಿಗೆ ಇಲ್ಲಿಂದ ನೇರ ಹಳಿ ಕೊನೆಗೂ ಆಗಲೇ ಇಲ್ಲ. ಹೀಗಾಗಿ ಇವರ ಪಾಲಿಗೆ ಬಸ್ಸೇ ಗತಿ. ಇನ್ವರ್ನೆಸ್ ಒಂದೇ ನೂರು ಕಿಲೋಮೀಟರಿಗೂ ಮಿಗಿಲು, ದಾರಿಯ ಒಂದು ಭಾಗದಲ್ಲಿ ಪಕ್ಕಕ್ಕೆ ಲಾಕ್ ನೆಸ್ ಸರೋವರ. ಹೌದು, ನೀರುಭೂತ ಇದೆಯೆಂದು ಪ್ರವಾಸಿಗರು ಕ್ಯಾಮರಾ ಹಿಡಿದು ಕಾಯುವ ಅದೇ ಸರೋವರ. ವಿಕ್, ಫ್ರೇಸರ್‌ಬರ್ಗ್ ಕಡೆಗಾದರೆ ಒಂದು ದಿಕ್ಕಿಗೇ ಸುಮಾರು 250 ಕಿಲೋಮೀಟರು. ಅಷ್ಟು ದೂರ ಬಸ್ಸಿನಲ್ಲಿ ಕೂತು ಹೋಗಿ, ಏಳೆಂಟು ಗೋಲು ಹೊಡೆಸಿಕೊಂಡು, ಕತ್ತಲಲ್ಲಿ ಅಷ್ಟೇ ದೂರ ವಾಪಸು. ಆ ಹುಡುಗರಿಗೆ ಭೂತ ಕಂಡಿದ್ದರೂ ಕಿಟಕಿಯತ್ತ ತಿರುಗಿ ನೋಡುವ ಉಮೇದು ಇರುತ್ತಿತ್ತೇ ಎಂಬುದು ನನ್ನ ಅನುಮಾನ.

ಇನ್ನೊಂದು ತೊಡಕು ಊರೊಳಗೇ ಇತ್ತು. ಅಲ್ಲಿಯವರ ರಕ್ತದಲ್ಲಿರುವ ಆಟ ಫುಟ್‌ಬಾಲಲ್ಲ, ಶಿಂಟಿ. ಬಾಗಿದ ಕೋಲಿನಿಂದ ಚೆಂಡನ್ನು ನೆಲದಲ್ಲೂ ಗಾಳಿಯಲ್ಲೂ ಬಾರಿಸುವ ಆಟ, ನಮ್ಮ ಹಾಕಿಯ ಒರಟು ಅಣ್ಣ ಎನ್ನಿ. ಶಿಂಟಿಯ ಸಂಘ ಸ್ಥಾಪನೆಯಾದದ್ದೂ 1893ರಲ್ಲೇ. ಫೋರ್ಟ್ ವಿಲಿಯಂ ಊರಿನ ಶಿಂಟಿ ತಂಡ 2007ರಿಂದ 2010ರವರೆಗೆ ಸತತ ನಾಲ್ಕು ವರ್ಷ ಆ ಆಟದ ಅತಿ ದೊಡ್ಡ ಕಪ್ಪನ್ನು ಗೆದ್ದುಕೊಂಡು ಬಂತು. ಅದರ ನಡುವೆಯೇ, 2008-09ರಲ್ಲಿ, ಅದೇ ಊರಿನ ಫುಟ್‌ಬಾಲ್ ತಂಡ ಇಡೀ ವರ್ಷಕ್ಕೆ ಸಂಪಾದಿಸಿದ್ದು ಒಂದೇ ಒಂದು ಅಂಕ. ಗಟ್ಟಿ ಮೈಕಟ್ಟಿನ ಹುಡುಗರು ಯಾವ ಬಯಲಿಗೆ ಹೋಗುತ್ತಿದ್ದರು ಎಂದು ಬಿಡಿಸಿ ಹೇಳಬೇಕೆ? ಅಣ್ಣ ರ‍್ಯಾಂಕ್ ವಿದ್ಯಾರ್ಥಿಯಾದ ಮನೆಯಲ್ಲಿ ತಮ್ಮನ ಪಾಡೇನು ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ.

ಈ ಫುಟ್‌ಬಾಲ್ ಕ್ಲಬ್ಬಿಗೆ ವಯಸ್ಸೂ ಹೆಚ್ಚಿಲ್ಲ, ಹುಟ್ಟಿದ್ದು 1974ರಲ್ಲಿ. (ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹೆಂಗಸರ ಆಟವನ್ನು ಒಪ್ಪಿಕೊಂಡದ್ದೂ ಅದೇ ವರ್ಷ. 1971ರಲ್ಲಿ ಯುರೋಪಿನ ದೇಶಗಳೆಲ್ಲ ಹೆಂಗಸರ ಫುಟ್‌ಬಾಲಿಗೆ ಮಾನ್ಯತೆ ಕೊಡೋಣವೆಂದಾಗ ಕೂಡದು ಎಂದು ಕೈಯೆತ್ತಿದ ಏಕೈಕ ದೇಶ ಅದು. ಈ ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.) ಹೈಲ್ಯಾಂಡ್ ಲೀಗಿಗೆ ಇವರು ಸೇರಿದ್ದು 1985ರಲ್ಲಿ. ಆ ಲೀಗಿನಲ್ಲಿ ಆಗ ತಳದಲ್ಲಿ ನಿಂತವರನ್ನು ಹೊರಗೆ ಹಾಕುವ ಪದ್ಧತಿಯಿರಲಿಲ್ಲ. ಫೇಲಾದರೂ ಅದೇ ತರಗತಿಯ ಅದೇ ಬೆಂಚು. ಅದರಿಂದಲೇ ಉಳಿದುಕೊಂಡರು ಎನ್ನಬಹುದು, ಅದರಿಂದಲೇ ಮೇಲೇಳಲಿಲ್ಲ ಎಂದೂ ವಾದಿಸಬಹುದು.

2017ರ ಏಪ್ರಿಲ್ 12ರಂದು ಸ್ಟ್ರಾತ್‌ಸ್ಪೇ ಥಿಸಲ್ ತಂಡದ ಮೇಲೆ ಗೆದ್ದ ಮೇಲೆ ಗೆಲುವು ಅವರ ಕಡೆ ತಲೆ ಹಾಕಲಿಲ್ಲ. 2018ರಲ್ಲಿ ಆಡಳಿತ ಮಂಡಳಿಯವರೂ ಕೈಚೆಲ್ಲಿದರು. ನಮ್ಮಿಂದ ಇನ್ನಾಗದು, ಹೊಸಬರು ಬಾರದಿದ್ದರೆ ಕ್ಲಬ್ಬು ಮುಚ್ಚಬೇಕಾದೀತು ಎಂಬ ಸ್ಥಿತಿ. ಹೊಸಬರು ಬಂದರು. ಮಹಿಳಾ ಸಮಾಜವನ್ನೋ ಶಾಲೆಯ ಹಳೆ ವಿದ್ಯಾರ್ಥಿ ಸಂಘವನ್ನೋ ನಡೆಸಿದವರಿಗೆ ಇದರ ಕಷ್ಟ ಗೊತ್ತು. ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ಯಾರಾಗುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡುತ್ತಾರಲ್ಲ, ಆ ಗಳಿಗೆಯಲ್ಲಿ ಕೈಯೆತ್ತುವವರು ಬೇರೆಯೇ ಜಾತಿಯ ಜನ.

ಆ ಹೊಸಬರ ಮೊದಲ ವರ್ಷವೇ ನಾನು ಹೇಳುತ್ತಿರುವ 2018-19. ಆಡಿದ್ದಕ್ಕೆ ಸಂಬಳವಿಲ್ಲದ, ತೀರ ಎಳೆಯ ಹುಡುಗರೇ ಹೆಚ್ಚಾಗಿದ್ದ ತಂಡ. 34 ಆಟಕ್ಕೆ 245 ಗೋಲು ಎಂದರೆ ಆಟಕ್ಕೆ ಏಳಕ್ಕೂ ಹೆಚ್ಚು, ಸುಮಾರು ಹನ್ನೆರಡೂವರೆ ನಿಮಿಷಕ್ಕೊಂದು. ನಮ್ಮ ಮನೆಯಲ್ಲಿ ಕುಕ್ಕರು ಕೂಗುವಷ್ಟರಲ್ಲಿ ಅಲ್ಲೊಂದು ಗೋಲು. ಗೋಲಿ ಬಲೆಯೊಳಗೆ ಬಗ್ಗಿ ಚೆಂಡು ಹೆಕ್ಕಿಕೊಡುವ ಕೆಲಸವನ್ನೇ ಲೆಕ್ಕ ಹಾಕಿದರೂ ಸೊಂಟ ನೋಯುತ್ತದೆ.

ಈಗ ಆ ಮೈನಸ್ಸಿನ ಲೆಕ್ಕ. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಎರಡು ಆಟ ಸಮವಾಗಿ 2 ಅಂಕ ಬಂದಿತ್ತು. ಮೂರು ಪಂದ್ಯಗಳಲ್ಲಿ ನಿಯಮದ ಪ್ರಕಾರ ಅರ್ಹತೆಯಿಲ್ಲದ ಆಟಗಾರನನ್ನು ಇಳಿಸಿದರೆಂದು ಲೀಗಿನವರು 9 ಅಂಕ ಕಡಿದರು. ಎರಡರಲ್ಲಿ ಒಂಬತ್ತು ಹೋದರೆ ಮೈನಸ್ ಏಳು. ಹಾಲ್ ಟಿಕೆಟ್ ಇಲ್ಲದವನನ್ನು ಪರೀಕ್ಷೆಗೆ ಕೂರಿಸಿದರೆ ತಪ್ಪು ತಪ್ಪೇ, ಒಪ್ಪುತ್ತೇನೆ. ನಿಯಮ ಮೇಲಿದ್ದವರಿಗೊಂದು ಕೆಳಗಿದ್ದವರಿಗೊಂದು ಇರಬಾರದು, ಅದನ್ನೂ ಒಪ್ಪುತ್ತೇನೆ. ಆದರೂ ಒಂದೂ ಆಟ ಗೆಲ್ಲದವರಿಂದ ಒಂಬತ್ತು ಅಂಕ ಕಿತ್ತುಕೊಳ್ಳುವಾಗ ಬರೆದ ಕೈ ಒಂದಿಷ್ಟು ತಡೆದಿರಬೇಕು ಎಂದು ನನಗೆ ಅನಿಸುತ್ತದೆ. ಇಲ್ಲದ್ದನ್ನು ಕೊಡು ಎಂದರೆ ಕೊಡುವುದು ಎಲ್ಲಿಂದ?

ದೊಡ್ಡ ಸೋಲು ಸ್ಕಾಟ್ಲೆಂಡಿಗೆ ಹೊಸತೇನಲ್ಲ. 1885ರ ಸೆಪ್ಟೆಂಬರ್ 12ರಂದು ಆರ್‌ಬ್ರೋತ್ ಎಂಬ ತಂಡ ಬಾನ್ ಅಕಾರ್ಡ್ ಎಂಬ ತಂಡದ ಮೇಲೆ 36 ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡದೆ ಗೆದ್ದದ್ದು ದಾಖಲೆ. ಅದೇ ದಿನ ಡಂಡೀ ಹಾರ್ಪ್ ಎಂಬವರು ಇನ್ನೊಬ್ಬರ ಮೇಲೆ 35 ಹೊಡೆದರು. ಆದರೆ ಅದು ಒಂದು ಮಧ್ಯಾಹ್ನದ ಅವಮಾನ. ರಾತ್ರಿ ಮಲಗಿ ಎದ್ದರೆ ಮುಗಿಯಿತು. ಫೋರ್ಟ್ ವಿಲಿಯಮಿನ ಹುಡುಗರದು ಆಗಸ್ಟಿನಿಂದ ಬೇಸಗೆಯ ಬಾಗಿಲವರೆಗೆ, ವಾರ ವಾರ, ಸೋಲುತ್ತೇವೆಂದು ಗೊತ್ತಿದ್ದೂ ಬೂಟು ಕಟ್ಟಿಕೊಳ್ಳುವ ಕೆಲಸ. ಬ್ರಿಟನ್ನಿನ ಅತಿ ಕೆಟ್ಟ ತಂಡ ಎಂದು ಪತ್ರಿಕೆಗಳು ಹೆಸರಿಟ್ಟವು. ಹೆಸರಿಡುವುದು ಸುಲಭ. ನಾನು ನೋಡುವುದು ಪಟ್ಟಿಯ ಮೊದಲ ಕಾಲಮ್ಮನ್ನು: ಆಡಿದ್ದು 34. ಇರುವ ಪಂದ್ಯ ಮೂವತ್ನಾಲ್ಕು, ಮೂವತ್ನಾಲ್ಕಕ್ಕೂ ಹಾಜರಿ. ಅವರು ನಡುವೆ ಕೈಕೊಟ್ಟಿದ್ದರೆ ಮಿಕ್ಕ ಹದಿನೇಳು ತಂಡಗಳ ಲೆಕ್ಕವೂ ಏರುಪೇರಾಗುತ್ತಿತ್ತು. ಮೇಲಿನವರ ಮೆಟ್ಟಿಲು ಇವರ ಬೆನ್ನ ಮೇಲಿತ್ತು.

ಆ ವರ್ಷ ಮೊದಲ ಸ್ಥಾನ ಅಬರ್ಡೀನ್ ಬದಿಯ ಕೋವ್ ರೇಂಜರ್ಸ್‌ನದು. ಅವರು ಬೆರಿಕ್ ರೇಂಜರ್ಸ್ ತಂಡವನ್ನು ಎರಡು ಪಂದ್ಯ ಸೇರಿ 7-0ಯಿಂದ ಸೋಲಿಸಿ ದೇಶದ ಮೇಲಿನ ಲೀಗಿಗೆ ಹತ್ತಿದರು. ಅಲ್ಲಿಂದಲೂ ಹತ್ತುತ್ತಲೇ ಹೋದರು. 2022ರಲ್ಲಿ ಕೋವ್ ದೇಶದ ಎರಡನೆಯ ದರ್ಜೆಗೆ ಏರಿತು. ಅದೇ 2022ರಲ್ಲಿ ಹೈಲ್ಯಾಂಡ್ ಲೀಗಿನಲ್ಲೂ ಕೆಳಗಿಳಿಸುವ ನಿಯಮ ಬಂದಿತ್ತು. ಕೊನೆಯ ಸ್ಥಾನದ ಫೋರ್ಟ್ ವಿಲಿಯಂ ಅಬರ್ಡೀನಿನದೇ ಆದ ಬ್ಯಾಂಕ್ಸ್ ಓ ಡೀ ತಂಡಕ್ಕೆ ಸೋತು ಜಾಗ ಬಿಟ್ಟುಕೊಟ್ಟು, 1985ಕ್ಕೆ ಮುಂಚೆ ತಾನು ಆಡುತ್ತಿದ್ದ ಉತ್ತರ ಕ್ಯಾಲಿಡೋನಿಯನ್ ಲೀಗಿಗೆ ಮರಳಿತು.

ಆದರೆ ಅದಕ್ಕೆ ಮೊದಲು ನಡೆದದ್ದೊಂದಿದೆ. ಮೈನಸ್ ಏಳರ ವರ್ಷ ಮುಗಿದ ಬೇಸಗೆಯಲ್ಲೇ, 2019ರ ಜುಲೈ 31ರಂದು, ಉತ್ತರ ಸ್ಕಾಟ್ಲೆಂಡ್ ಕಪ್ಪಿನ ಪಂದ್ಯದಲ್ಲಿ ಇವರು ನೇರ್ನ್ ಕೌಂಟಿ ತಂಡವನ್ನು 5-2ರಿಂದ ಸೋಲಿಸಿದರು. 840 ದಿನಗಳ ನಂತರದ ಗೆಲುವು. ಆದರೂ ಅದು ಕಪ್ಪಿನದು, ಲೀಗಿನ ಪಟ್ಟಿಗೆ ಸೇರುವಂಥದ್ದಲ್ಲ. ಪಟ್ಟಿಗೆ ಸೇರುವ ಗೆಲುವು ಬಂದದ್ದು ಸೆಪ್ಟೆಂಬರಿನಲ್ಲಿ, ಇನ್ವರ್ನೆಸ್ಸಿನ ಕ್ಲಾಕ್ನಕಡಿನ್ ತಂಡದ ಮೇಲೆ. 1893ರಲ್ಲಿ ಲೀಗನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ, ಅಂದಿನಿಂದ ಅಲ್ಲೇ ಆಡುತ್ತ ಬಂದ ಹಿರೀಕರು ಅವರು. ಅಂತರ 1-0. ಗೋಲು ಒಂದೇ ಸಾಕಾಯಿತು, ಏಕೆಂದರೆ ಹಿಂದಿನ ವರ್ಷ 245 ಗೋಲು ಹೊಡೆಸಿಕೊಂಡ ತಂಡ ಆ ದಿನ ಒಂದನ್ನೂ ಬಿಟ್ಟುಕೊಡಲಿಲ್ಲ.