ಬ್ರೋಲಿಯೋದ ದ್ರಾಕ್ಷಿ ತೋಟ: ಮಾರಿದ ಹೆಸರು ಮರಳಿ ಬಂದ ಕಥೆ

ಇಟಲಿಯ ಟಸ್ಕನಿ ಸೀಮೆಯಲ್ಲಿ ಕಿಯಾಂತಿ ಎಂಬ ಗುಡ್ಡಗಾಡು ಇದೆ. ಅಲ್ಲಿನ ಬ್ರೋಲಿಯೋ ಕೋಟೆ 1141ರಿಂದ ರಿಕಾಸೋಲಿ ಮನೆತನದ್ದು. ಸುತ್ತ ಸುಮಾರು 1,200 ಹೆಕ್ಟೇರ್, ಅಂದರೆ ಮೂರು ಸಾವಿರ ಎಕರೆ ಭೂಮಿ. ಅದರಲ್ಲಿ ದ್ರಾಕ್ಷಿ ಇರುವುದು ಐದರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದರಲ್ಲಿ ಹೆಚ್ಚಿನದು ಕಾಡು, ಒಂದಿಷ್ಟು ಆಲಿವ್ ತೋಪು.

ವೈನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ನಮಗೆ ಕುತೂಹಲ ಬೆಳೆಯದ್ದು, ಬೆಳೆದವರದ್ದು.

ಈ ಮನೆತನದ ಬೆತ್ತಿನೋ ರಿಕಾಸೋಲಿ (1809–1880) ಎರಡು ಸಲ ಇಟಲಿಯ ಪ್ರಧಾನಿಯಾದವರು. ಬಿಗಿ ಸ್ವಭಾವಕ್ಕೆ ಜನ ‘ಕಬ್ಬಿಣದ ಬ್ಯಾರನ್’ ಎನ್ನುತ್ತಿದ್ದರು. ಯಾವ ತಳಿಯ ದ್ರಾಕ್ಷಿಯನ್ನು ಯಾವುದಕ್ಕೆ ಬೆರೆಸಬೇಕು ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿ, 1872ರಲ್ಲಿ ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರಿಗೆ ಪತ್ರ ಬರೆದರು. ಅದರ ಸಾರ ಇಷ್ಟು: ಪರಿಮಳಕ್ಕೂ ಕಸುವಿಗೂ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿ. ಅದರ ಒಗರು ತಗ್ಗಿಸಲು ಕನಾಯೋಲೋ. ಬೇಗ ಕುಡಿದು ಮುಗಿಸುವ ವೈನ್‌ಗೆ ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿಯೂ ಸೇರಲಿ; ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ವೈನ್‌ಗೆ ಅದು ಬೇಡ.

ಸರ್ಕಾರ ಆ ಕೊನೆಯ ಮಾತನ್ನೇ ಕೈಬಿಟ್ಟಿತು. 1967ರ ನಿಯಮದಲ್ಲಿ ಕಿಯಾಂತಿ ವೈನ್‌ಗೆ ಶೇ. 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಕಡ್ಡಾಯವಾಯಿತು. ವೈನ್ ತೆಳ್ಳಗಾಯಿತು, ಹೆಸರೂ ಕೆಟ್ಟಿತು. ಕಿಯಾಂತಿ ಕ್ಲಾಸಿಕೋ ವೈನ್‌ನಿಂದ ಬಿಳಿ ದ್ರಾಕ್ಷಿಯನ್ನು ಪೂರ್ತಿ ಹೊರಗಿಟ್ಟದ್ದು 2006ರ ಬೆಳೆಯಿಂದ!

ಇಷ್ಟು ಕಾಲ ಬಳ್ಳಿ ಸವರಿ, ಗೊಂಚಲು ಕೊಯ್ದವರು ಯಾರು? ಕೋರಿನ ರೈತರು. ಈ ಪದ್ಧತಿಗೆ ಅಲ್ಲಿ ಮೆಜ್ಜಾದ್ರಿಯಾ ಎನ್ನುತ್ತಾರೆ. ಹೊಲ, ಮನೆ ಧಣಿಯವು. ದುಡಿಮೆ ರೈತನ ಇಡೀ ಕುಟುಂಬದ್ದು. ಫಸಲು ಅರ್ಧ ಅರ್ಧ. ಸೀಸೆಯ ಮೇಲೆ ಬಂದದ್ದು ಮಾತ್ರ ಧಣಿಯ ಹೆಸರು. ಎರಡನೇ ಮಹಾಯುದ್ಧದ ನಂತರ ಅವರು ಪಟ್ಟಣದ ಕಾರ್ಖಾನೆಗಳತ್ತ ಹೊರಟರು. 1964ರ ಕಾನೂನು ಹೊಸ ಕೋರಿನ ಕರಾರುಗಳನ್ನು ನಿಷೇಧಿಸಿತು.

ಧಣಿಗಳಿಗೂ ಕೆಟ್ಟ ಕಾಲ ಬಂತು. 1970ರ ದಶಕದಲ್ಲಿ ವೈನ್ ವ್ಯವಹಾರ, ಜೊತೆಗೆ ರಿಕಾಸೋಲಿ ಎಂಬ ಹೆಸರು, ವಿದೇಶಿ ಕಂಪನಿಯ ಪಾಲಾದವು. ಕೋಟೆ ಉಳಿಯಿತು, ಸೀಸೆಯ ಮೇಲಿನ ಹೆಸರು ಹೋಯಿತು.

1993ರಲ್ಲಿ ಅದನ್ನು ಮರಳಿ ಪಡೆದವರು ಫ್ರಾಂಚೆಸ್ಕೋ ರಿಕಾಸೋಲಿ. ಅವರ ಕಸುಬು ಫೋಟೋಗ್ರಫಿ! ಬಂದವರೇ ಹಳೆಯ ತೋಟ ಕಿತ್ತು ಹೊಸದಾಗಿ ನೆಡಿಸಿದರು, ತಾಕು ತಾಕಿನ ಮಣ್ಣು ಪರೀಕ್ಷೆ ಮಾಡಿಸಿದರು, ತೋಟದ ಹಳೆಯ ಸಾಂಜೊವೇಸೆ ಬಳ್ಳಿಗಳಿಂದಲೇ ಒಳ್ಳೆಯ ತಳಿ ಆರಿಸಿದರು. ಒಂದು ತಾಕಿನಲ್ಲಿ ಸುಣ್ಣದ ಕಲ್ಲು, ಇನ್ನೊಂದರಲ್ಲಿ ಹಳೆಯ ಸಮುದ್ರದ ಮಣ್ಣು, ಮತ್ತೊಂದರಲ್ಲಿ ನದಿ ತಂದ ಮೆಕ್ಕಲು. ಈ ಮೂರರ ಹಣ್ಣನ್ನು ಈಗ ಬೆರೆಸುವುದಿಲ್ಲ. ಮೂರೂ ಬೇರೆ ಬೇರೆ ಸೀಸೆಗೆ ಹೋಗುತ್ತವೆ.